ತುಮಕೂರಿನಿಂದ ಅಂಡಮಾನಿಗೆ: ದ್ವೀಪಕ್ಕೆ ಹೊರೆಯಾಗದ ಪ್ರವಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ತುಮಕೂರಿನ ಕೆಲವು ಗೆಳೆಯರು ಸೇರಿ ಚಳಿಗಾಲದಲ್ಲಿ ಅಂಡಮಾನಿಗೆ ಹೋಗಿ ಬರುತ್ತೇವೆ. ಒಂದು ಸಲಕ್ಕೆ ಹನ್ನೆರಡು ಜನ, ಅದಕ್ಕಿಂತ ಜಾಸ್ತಿ ಇಲ್ಲ. ಇದು ನಮ್ಮ ವ್ಯಾಪಾರ ಅಲ್ಲ. ಅಮಾನಿಕೆರೆ ಏರಿ ಮೇಲೆ ವಾಕಿಂಗ್ ಮಾಡುವಾಗ, ಮದುವೆ ಮನೆಯಲ್ಲಿ, ಫೋನಿನಲ್ಲಿ ಜನ ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇವೆ.

ಸಮುದ್ರ ನೋಡಬೇಕು ಅಂದರೆ ಗೋಕರ್ಣ, ಮಲ್ಪೆ ಇದೆಯಲ್ಲ. ಅಷ್ಟು ದೂರ ಯಾಕೆ?

ಬರೀ ಸಮುದ್ರ ನೋಡುವ ಆಸೆ ಇದ್ದರೆ ದಯವಿಟ್ಟು ಗೋಕರ್ಣಕ್ಕೇ ಹೋಗಿ. ಹತ್ತಿರ, ಖರ್ಚೂ ಕಡಿಮೆ.

ಅಂಡಮಾನಿನಲ್ಲಿ ಸಿಗುವುದು ಬೇರೆ. ಅಲ್ಲಿನ ನೆಲದಲ್ಲಿ ನೂರಕ್ಕೆ ಎಂಬತ್ತು ಭಾಗ ಕಾಡು. ಆ ಕಾಡು ಮರಳಿನ ಅಂಚಿನ ತನಕ ಬಂದು ನಿಲ್ಲುತ್ತದೆ. ಮರಳಿನಾಚೆ, ಎದೆಮಟ್ಟದ ನೀರಿನಲ್ಲೇ ಹವಳ ಶುರುವಾಗುವ ಜಾಗಗಳಿವೆ. ಅಂಡಮಾನ್ ಮರಕುಟಿಗ, ಅಂಡಮಾನ್ ಹಾವುಗಿಡುಗದಂಥ ಹಕ್ಕಿಗಳು ಆ ದ್ವೀಪಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ.

ಇನ್ನೊಂದು ಕಾರಣವೂ ಇದೆ. ಅಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ. ನಮ್ಮ ಪಾವಗಡ, ಶಿರಾ ಕಡೆ 500-600 ಬಿದ್ದರೆ ಪುಣ್ಯ. ಆದರೂ ಫೆಬ್ರವರಿ ಕಳೆದರೆ ಅಲ್ಲಿ ಕುಡಿಯುವ ನೀರಿಗೆ ತತ್ವಾರ. ಗುಡ್ಡಗಳು ಕಡಿದಾದವು, ಜಾಗ ಕಿರಿದು. ಬಿದ್ದ ಮಳೆಯೆಲ್ಲ ಹರಿದು ಸಮುದ್ರ ಸೇರುತ್ತದೆ. ರಾಜಧಾನಿ ಪಟ್ಟಣ ಪೋರ್ಟ್ ಬ್ಲೇರ್ ಧನಿಕಾರಿ ಅಣೆಕಟ್ಟಿನ ನೀರನ್ನು ನೆಚ್ಚಿಕೊಂಡು ಬದುಕುತ್ತದೆ. ಸುತ್ತ ಎಲ್ಲಿ ನೋಡಿದರೂ ನೀರು, ಮನೆಯ ಡ್ರಮ್ಮಿನಲ್ಲಿ ಮಾತ್ರ ಇಲ್ಲ. ಈ ಕಷ್ಟ ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟ್ಯಾಂಕರ್ ಹಿಂದೆ ಬಿಂದಿಗೆ ಹಿಡಿದು ನಿಂತವರ ಮಕ್ಕಳು ನಾವು. ಅಲ್ಲಿಗೆ ಹೋಗಿ ಶವರ್ ಬಿಟ್ಟುಕೊಂಡು ಅರ್ಧ ಗಂಟೆ ನಿಲ್ಲಲು ನಮಗೆ ಮನಸ್ಸು ಬರುವುದಿಲ್ಲ, ಅಲ್ವಾ? ಅಂಥ ನೆಂಟರಾಗಿ ಹೋಗಿ ಬರಬೇಕು ಎಂಬುದು ನಮ್ಮ ಆಸೆ.

ಪರಿಸರಸ್ನೇಹಿ ಅನ್ನುತ್ತೀರಿ, ಹೋಗುವುದು ವಿಮಾನದಲ್ಲಿ. ಇದು ಸರಿಯಾ?

ಈ ಪ್ರಶ್ನೆ ಕೇಳಿದ್ದು ಒಬ್ಬ ಹೈಸ್ಕೂಲ್ ಹುಡುಗಿ. ಅವಳ ಮಾತು ನಿಜ. ವಿಮಾನ ಉಗುಳುವ ಹೊಗೆಯನ್ನು ನಾವು ಬಟ್ಟೆ ಚೀಲ ಹಿಡಿದು ಸರಿಮಾಡಲು ಆಗುವುದಿಲ್ಲ. ಚೆನ್ನೈಯಿಂದ ಹಡಗಿದೆ, ಸುಮಾರು ಮೂರು ದಿನದ ದಾರಿ. ಅದೂ ಎಣ್ಣೆ ಸುಟ್ಟೇ ಓಡುತ್ತದೆ.

ನಾವು ಮಾಡುವುದು ಇಷ್ಟೇ. ಒಮ್ಮೆ ಹೋದವರು ಕಡೇಪಕ್ಷ ಎಂಟು ದಿನ ಇರಬೇಕು. ಮೂರು ರಾತ್ರಿಗೆ ಹೋಗಿ ಫೋಟೊ ಹೊಡೆದುಕೊಂಡು ಬರುವ ಪ್ಯಾಕೇಜ್ ನಾವು ಮಾಡುವುದಿಲ್ಲ. ಅಲ್ಲಿ ಹೋದ ಮೇಲೆ ಎರಡು ಮೂರು ದ್ವೀಪ ಸಾಕು. ಸ್ಪೀಡ್ ಬೋಟ್, ಜೆಟ್ ಸ್ಕೀ ಬೇಡ. ನಡೆಯುತ್ತೇವೆ, ಬಾಡಿಗೆ ಸೈಕಲ್ ತುಳಿಯುತ್ತೇವೆ, ಸರ್ಕಾರಿ ದೋಣಿಯಲ್ಲಿ ಊರಿನವರ ಜೊತೆ ಕೂರುತ್ತೇವೆ. ಇದರಿಂದ ವಿಮಾನದ ಲೆಕ್ಕ ಚುಕ್ತಾ ಆಯಿತು ಎಂದು ನಾವು ಹೇಳುವುದಿಲ್ಲ. ಹೋದವರನ್ನೇ ಪ್ರತಿ ವರ್ಷ ಮತ್ತೆ ಕರೆದುಕೊಂಡು ಹೋಗುವುದೂ ಇಲ್ಲ.

ದಾರಿ ಹೇಗೆ? ಟಿಕೆಟ್ ಮೇಲೆ ಬೇರೆ ಬೇರೆ ಹೆಸರು ಇರುತ್ತದಲ್ಲ?

ತುಮಕೂರಿನಿಂದ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಎಲ್ಲರೂ ಒಂದೇ ಟೆಂಪೊ ಟ್ರಾವೆಲರ್ ಗಾಡಿಯಲ್ಲಿ. ಅಲ್ಲಿಂದ ನೇರ ವಿಮಾನದಲ್ಲಿ ಎರಡೂವರೆ ಗಂಟೆ ಚಿಲ್ಲರೆ.

ಹೆಸರಿನ ಗೊಂದಲ ನಿಜ. 2018ರಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸರ ಹೆಸರು ಬಂತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯಿತು. ಮಾತಿನಲ್ಲಿ ಜನ ಈಗಲೂ ಹಳೆಯ ಹೆಸರನ್ನೇ ಬಳಸುತ್ತಾರೆ. ಇಲ್ಲಿ ನಾವೂ ಹಾಗೇ ಬರೆದಿದ್ದೇವೆ.

ಯಾವ ತಿಂಗಳು ಒಳ್ಳೆಯದು?

ಡಿಸೆಂಬರ್, ಜನವರಿ. ಮುಂಗಾರು ಕೇರಳಕ್ಕೆ ಬರುವ ಮೊದಲು, ಮೇ ತಿಂಗಳಲ್ಲೇ ಅಂಡಮಾನ್ ಮುಟ್ಟುತ್ತದೆ. ಆಮೇಲೆ ಸಮುದ್ರ ಒರಟು, ದೋಣಿಗಳೂ ನಿಲ್ಲಬಹುದು. ಮಾರ್ಚ್, ಏಪ್ರಿಲ್‌ನಲ್ಲಿ ಸಮುದ್ರ ಶಾಂತವಾಗಿರುತ್ತದೆ ಎಂದು ಬಹಳ ಜನ ಹೋಗುತ್ತಾರೆ. ಅಲ್ಲಿ ನೀರಿಗೆ ಕಷ್ಟ ಇರುವ ಕಾಲವೂ ಅದೇ. ಅದಕ್ಕೇ ನಾವು ಆ ತಿಂಗಳು ಹೋಗುವುದಿಲ್ಲ.

ಇನ್ನೊಂದು ವಿಷಯ. ಅಲ್ಲಿ ಬೆಳಿಗ್ಗೆ ಐದಕ್ಕೆಲ್ಲ ಬೆಳಕು, ಸಂಜೆ ಐದೂಕಾಲಿಗೆ ಸೂರ್ಯ ಮುಳುಗಿರುತ್ತಾನೆ. ಕೋಳಿ ಕೂಗುವ ಹೊತ್ತಿಗೆ ಏಳುವವರಿಗೆ ಆ ದ್ವೀಪ ಚೆನ್ನಾಗಿ ಒಗ್ಗುತ್ತದೆ.

ಪರ್ಮಿಟ್ ಬೇಕಾ?

ನಾವು ಹೋಗುವ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್, ನೀಲ್ ದ್ವೀಪಗಳಿಗೆ ಭಾರತದವರಿಗೆ ಬೇಡ. ಆಧಾರ್ ಕಾರ್ಡ್ ಇದ್ದರೆ ಸಾಕು. ನಿಕೋಬಾರ್ ಬೇರೆ, ಅಲ್ಲಿಗೆ ಸುಮ್ನೆ ಪ್ರವಾಸಕ್ಕೆ ಎಂದು ಬಿಡುವುದಿಲ್ಲ. ಹೊರಗಿನವರನ್ನು ಒಲ್ಲದ ಬುಡಕಟ್ಟು ಇರುವ ಉತ್ತರ ಸೆಂಟಿನೆಲ್ ದ್ವೀಪದ ಹತ್ತಿರಕ್ಕೂ ಯಾರೂ ಹೋಗುವಂತಿಲ್ಲ.

ಜಾರವಾ ಜನರನ್ನು ತೋರಿಸುತ್ತೀರಾ?

ಇಲ್ಲ. ಜಾರವಾ ಅಂದರೆ ಅಂಡಮಾನಿನ ಕಾಡಿನಲ್ಲಿ ಬದುಕುವ ಒಂದು ಬುಡಕಟ್ಟು. ಅವರನ್ನು ತೋರಿಸುವುದಿಲ್ಲ, ನಾವೂ ನೋಡುವುದಿಲ್ಲ.

ಬಾರಾಟಾಂಗ್ ದ್ವೀಪಕ್ಕೆ ಹೋಗುವ ಅಂಡಮಾನ್ ಟ್ರಂಕ್ ರಸ್ತೆ ಜಾರವಾ ಮೀಸಲು ಕಾಡಿನ ಒಳಗಿಂದ ಹಾದು ಹೋಗುತ್ತದೆ. ಗಾಡಿಗಳನ್ನು ಸಾಲಾಗಿ, ಕಾವಲಿನ ಜೊತೆ ಬಿಡುತ್ತಾರೆ. ನಿಲ್ಲಿಸುವ ಹಾಗಿಲ್ಲ, ಫೋಟೊ ತೆಗೆಯುವ ಹಾಗಿಲ್ಲ, ತಿಂಡಿ ಕೊಡುವ ಹಾಗಿಲ್ಲ. ಬುಡಕಟ್ಟುಗಳ ರಕ್ಷಣೆಗೆ 1956ರಿಂದಲೇ ಕಾನೂನಿದೆ, ಮುರಿದರೆ ಜೈಲು. ಸುಣ್ಣಕಲ್ಲಿನ ಗುಹೆ, ಕೆಸರು ಉಕ್ಕುವ ಜ್ವಾಲಾಮುಖಿ ನೋಡಲು ಆ ದಾರಿಯಲ್ಲಿ ಹೋಗುವುದು ಕಾನೂನಿಗೆ ವಿರುದ್ಧವೇನಲ್ಲ. ಆದರೂ ನಮ್ಮ ಪಟ್ಟಿಯಲ್ಲಿ ಬಾರಾಟಾಂಗ್ ಇಲ್ಲ.

ಯಾಕೆ ಅಂದರೆ, ಹೋಗುವ ಗಾಡಿಗಳಲ್ಲಿ ಎಷ್ಟೋ ಜನರ ಕಣ್ಣು ಗುಹೆಗಿಂತ ಜಾಸ್ತಿ ಕಿಟಕಿಯ ಹೊರಗೇ ಇರುತ್ತದೆ. ನಿಮ್ಮ ಮನೆ ಜಗಲಿ ಮುಂದೆ ದಿನಾ ನೂರಾರು ಗಾಡಿ ಸಾಲಾಗಿ ಹೋಗಿ, ಒಳಗಿದ್ದವರೆಲ್ಲ ನಿಮ್ಮ ಮಕ್ಕಳನ್ನು ಇಣುಕಿ ನೋಡಿದರೆ ಹೇಗಿರುತ್ತದೆ? ಬರೀ ಮರ್ಯಾದೆಯ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆಯೂ ಹೌದು. 1999ರಲ್ಲಿ ಜಾರವಾಗಳಲ್ಲಿ ದಡಾರ ಹರಡಿತು. ನಮ್ಮ ಮಕ್ಕಳು ಸೂಜಿ ಹಾಕಿಸಿಕೊಂಡು ದಾಟುವ ರೋಗ, ಹೊರಗಿನವರ ಸಂಪರ್ಕವೇ ಇಲ್ಲದೆ ಬದುಕಿದ ಜನಕ್ಕೆ ಕಾಡ್ಗಿಚ್ಚು. 1858ರಲ್ಲಿ ಬ್ರಿಟಿಷರು ಕೈದಿಗಳ ವಸಾಹತು ಮಾಡಲು ಬಂದಾಗ ಗ್ರೇಟ್ ಅಂಡಮಾನೀಸ್ ಎಂಬ ಇನ್ನೊಂದು ಬುಡಕಟ್ಟಿನ ಜನ ಸಾವಿರಾರು ಇದ್ದರು. 1961ರ ಜನಗಣತಿಯಲ್ಲಿ ಉಳಿದಿದ್ದವರು 19. ಇದನ್ನು ಓದಿದ ದಿನ ನಾವು ಆ ದಾರಿ ಬಿಟ್ಟೆವು.

ಅವರ ಬದುಕಿನ ಬಗ್ಗೆ ತಿಳಿಯಬೇಕು ಅಂದರೆ ಪೋರ್ಟ್ ಬ್ಲೇರಿನಲ್ಲಿ ಮಾನವಶಾಸ್ತ್ರ ವಸ್ತುಸಂಗ್ರಹಾಲಯ ಇದೆ. ಬಿಲ್ಲು, ಬುಟ್ಟಿ, ದೋಣಿ, ಗುಡಿಸಲಿನ ಮಾದರಿ ಎಲ್ಲ ಅಲ್ಲಿವೆ. ಅರ್ಧ ದಿನ ಅಲ್ಲಿ ಕಳೆಯುತ್ತೇವೆ.

ಹಾಗಾದರೆ ಸಂಸ್ಕೃತಿ ಅಂತ ಏನು ನೋಡುತ್ತೇವೆ?

ಮೊದಲ ದಿನ ಸೆಲ್ಯುಲಾರ್ ಜೈಲು. 1896ರಲ್ಲಿ ಶುರುವಾಗಿ 1906ಕ್ಕೆ ಮುಗಿದ ಕಟ್ಟಡ. ನಡುವೆ ಒಂದು ಗೋಪುರ, ಅದರಿಂದ ಚಕ್ರದ ಅರಗಳ ಹಾಗೆ ಏಳು ಸಾಲು. ಈಗ ಉಳಿದಿರುವುದು ಮೂರೇ. ಒಬ್ಬನ ಮುಖ ಇನ್ನೊಬ್ಬನಿಗೆ ಕಾಣದಂತೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಕೈದಿಗಳನ್ನು ಎತ್ತಿನ ಹಾಗೆ ಗಾಣಕ್ಕೆ ಹೂಡಿ ತೆಂಗಿನೆಣ್ಣೆ ತೆಗೆಸುತ್ತಿದ್ದರು. ನಮ್ಮ ಜೊತೆ ತಿಪಟೂರಿನ ತೆಂಗಿನ ಬೆಳೆಗಾರರೊಬ್ಬರು ಬಂದಿದ್ದರು. ಬೇರೆಯವರು ಗೈಡ್ ಹಿಂದೆಯೇ ಮುಂದಕ್ಕೆ ಹೋದರು. ಅವರು ಆ ಗಾಣದ ಮುಂದೆಯೇ ನಿಂತುಬಿಟ್ಟರು. "ಕೊಬ್ಬರಿ ಎಷ್ಟು ಗಟ್ಟಿ ಅಂತ ನನಗೆ ಗೊತ್ತು" ಎಂದರು, ಅಷ್ಟೇ.

ಅದೇ ಯಜಮಾನರು ನೀಲ್ ದ್ವೀಪದಲ್ಲಿ ಬೇರೆಯೇ ಮನುಷ್ಯ. ನೀಲ್, ಹ್ಯಾವ್‌ಲಾಕ್‌ನಲ್ಲಿ ಇರುವವರಲ್ಲಿ ಜಾಸ್ತಿ ಜನ ದೇಶ ಇಬ್ಭಾಗವಾದ ಮೇಲೆ ಪೂರ್ವ ಬಂಗಾಳದಿಂದ ಬಂದು ನೆಲೆ ನಿಂತ ಕುಟುಂಬದವರು. ನೀಲ್‌ನ ಹಳ್ಳಿಗಳ ಹೆಸರು ಕೇಳಿ: ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ. ತೆಂಗು, ಅಡಿಕೆ, ಬಾಳೆ, ತರಕಾರಿ ಬೆಳೆಯುತ್ತಾರೆ. ಗುಬ್ಬಿ ಕಡೆಯ ತೋಟದೊಳಗೆ ನಡೆದ ಹಾಗೇ ಇರುತ್ತದೆ, ತೋಟದ ಕೊನೆಯಲ್ಲಿ ಮಾತ್ರ ಸಮುದ್ರ. ನಮ್ಮ ಯಜಮಾನರಿಗೆ ಬಂಗಾಳಿ ಬಾರದು, ತೋಟದವರಿಗೆ ಕನ್ನಡ ಬಾರದು. ಇಬ್ಬರಿಗೂ ಅರ್ಧಂಬರ್ಧ ಹಿಂದಿ. ತಿಪಟೂರಿನಲ್ಲಿ ಕಾಯಿಯನ್ನು ಸುಲಿಯದೆ ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟು ಉಂಡೆ ಕೊಬ್ಬರಿ ಮಾಡುತ್ತೇವೆ ಎಂದು ಇವರು ಕೈಸನ್ನೆಯಲ್ಲೇ ವಿವರಿಸಿದರು. ಒಡೆದ ಹೋಳನ್ನು ಒಣಗಿಸುವ ಆ ಮನೆಯವರಿಗೆ ನಂಬಿಕೆಯೇ ಬರಲಿಲ್ಲ. ಮುಂದಿನ ವರ್ಷ ಹೋದ ತಂಡದ ಕೈಯಲ್ಲಿ ಯಜಮಾನರು ನಾಲ್ಕು ಉಂಡೆ ಕೊಬ್ಬರಿ ಕಳಿಸಿಕೊಟ್ಟರು.

ಬಂಗಾಳಿಗಳಷ್ಟೇ ಅಲ್ಲ. ರಾಂಚಿ ಕಡೆಯಿಂದ ಕಾಡಿನ ಕೆಲಸಕ್ಕೆ ಬಂದವರು, ಬರ್ಮಾದಿಂದ ಬಂದ ಕರೆನ್ ಜನ, ಮಲಬಾರಿನ ಮಾಪಿಳ್ಳೆಗಳು, ತಮಿಳರು, ತೆಲುಗರು, ಶಿಕ್ಷೆ ಮುಗಿದ ಮೇಲೆ ಅಲ್ಲೇ ಉಳಿದ ಕೈದಿಗಳ ಮೊಮ್ಮಕ್ಕಳು, ಎಲ್ಲರೂ ಇದ್ದಾರೆ. ನಾವು ವೇದಿಕೆ ಹಾಕಿಸಿ ಕುಣಿತ ಏರ್ಪಾಡು ಮಾಡುವುದಿಲ್ಲ. ಸಂತೆಗೆ ಹೋಗುತ್ತೇವೆ, ದೋಣಿ ನಿಲ್ಲುವ ಕಟ್ಟೆಯಲ್ಲಿ ಕೂತು ಮಾತಾಡುತ್ತೇವೆ. ಅದರಲ್ಲೇ ಸಿಗುವುದು ಜಾಸ್ತಿ.

ರಾಸ್ ದ್ವೀಪದಲ್ಲಿ ಜಿಂಕೆ ಕೈಯಿಂದಲೇ ತಿನ್ನುತ್ತವಂತೆ, ನಿಜವಾ?

ನಿಜ. ಆದರೆ ತಿನ್ನಿಸಬೇಡಿ. ಆ ಚುಕ್ಕೆ ಜಿಂಕೆ ಅಂಡಮಾನಿನದಲ್ಲ, ಬ್ರಿಟಿಷರು ಈ ಕಡೆಯಿಂದ ಒಯ್ದು ಬಿಟ್ಟದ್ದು. ನಮ್ಮ ದೇವರಾಯನದುರ್ಗದ ಕಾಡಿನಲ್ಲಿ ಜಿಂಕೆಗೆ ಚಿರತೆ ಇದೆ. ಅಲ್ಲಿ ಅದನ್ನು ಹಿಡಿಯುವ ಪ್ರಾಣಿಯೇ ಇಲ್ಲ. ಹೀಗಾಗಿ ಅದು ಹಲವು ದ್ವೀಪಗಳಲ್ಲಿ ಹರಡಿ, ಮೊಳೆತ ಸಸಿಗಳನ್ನೆಲ್ಲ ಮೇಯುತ್ತಿದೆ. ಹಳೇ ಮರ ಬಿದ್ದ ಜಾಗಕ್ಕೆ ಹೊಸ ಮರ ಬರುವುದು ಕಷ್ಟವಾಗಿದೆ. ಒಂದು ಕಡೆ ಕಾಡಿನ ಚೆಲುವು ಅನ್ನಿಸುವ ಪ್ರಾಣಿಯೇ ಇನ್ನೊಂದು ಕಡೆ ಕಾಡಿಗೆ ಕಾಟ. ರಾಸ್‌ನಲ್ಲಿ ನಾವು ನೋಡುವುದು ಪಾಳುಬಿದ್ದ ಬಂಗಲೆಗಳನ್ನು ಬೇರುಗಳಿಂದ ತಬ್ಬಿಕೊಂಡಿರುವ ಆಲದ ಜಾತಿಯ ಮರಗಳನ್ನು. ಅದಕ್ಕಾಗಿಯೇ ಒಂದು ಬೆಳಗ್ಗೆ ಬೇಕು.

ಹವಳ ನೋಡುವಾಗ ಏನು ಎಚ್ಚರ?

ಇದನ್ನು ಸ್ವಲ್ಪ ಉದ್ದ ಹೇಳಬೇಕು.

ಹವಳ ಕಲ್ಲಲ್ಲ, ಗಿಡವೂ ಅಲ್ಲ. ಸಾವಿರಾರು ಪುಟ್ಟ ಪ್ರಾಣಿಗಳು ಸೇರಿ ಕಟ್ಟಿಕೊಂಡ ಮನೆ. ಅವುಗಳ ಮೈಯೊಳಗೆ ಪಾಚಿ ವಾಸ ಮಾಡುತ್ತದೆ, ಬಿಸಿಲಿನಿಂದ ಆಹಾರ ಮಾಡಿ ಕೊಡುತ್ತದೆ, ಬಣ್ಣವೂ ಅದರದ್ದೇ. ನೀರು ಜಾಸ್ತಿ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬೇಗ ತಂಪಾಗದಿದ್ದರೆ ಹಸಿದು ಸಾಯುತ್ತದೆ. 2010ರಲ್ಲಿ ಅಂಡಮಾನಿನ ಹವಳಕ್ಕೆ ಇದರಿಂದ ದೊಡ್ಡ ಪೆಟ್ಟು ಬಿತ್ತು. ಗುಂಡಗೆ ಬೆಳೆಯುವ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ತಲೆಗಾತ್ರದ ಹವಳ ಅಂದರೆ ನಿಮ್ಮ ಮಗನಿಗಿಂತ ವಯಸ್ಸಾಗಿರಬಹುದು. ಅದರ ಮೇಲೆ ಕಾಲಿಟ್ಟು ನಿಂತರೆ ಒಂದೇ ಕ್ಷಣದಲ್ಲಿ ಮುರಿಯುತ್ತದೆ.

ಅದಕ್ಕೇ ನಮ್ಮ ನಿಯಮ: ತೇಲಲು ಬಂದರೆ ಮಾತ್ರ ಹವಳ ಇರುವ ಕಡೆಗೆ. ಲೈಫ್ ಜಾಕೆಟ್ ಹಾಕಿ ಮೊದಲು ಮರಳಿರುವ ಕಡೆ ಒಂದು ಗಂಟೆ ಕಲಿಯಬೇಕು. ಕಾಲು ಕೆಳಗೆ ಬಿಡುವ ಅಭ್ಯಾಸ ಹೋದ ಮೇಲೆ ಮುಂದಕ್ಕೆ. ನೀಲ್‌ನಲ್ಲಿ ನೀರು ಇಳಿದಾಗ ಕಲ್ಲಿನ ಸಹಜ ಸೇತುವೆಯ ತನಕ ನಡೆದು ಹೋಗಬಹುದು. ಅಲ್ಲಿಯ ಹೊಂಡಗಳಲ್ಲಿ ಜೀವ ತುಂಬಿರುತ್ತದೆ. ಸೌತೆಕಾಯಿಯಂತೆ ಬಿದ್ದಿರುವ ಪ್ರಾಣಿಯನ್ನು ಕೆಲವರು ಕೈಯಲ್ಲಿ ಎತ್ತಿ ತೋರಿಸುತ್ತಾರೆ. ಬೇಡ ಎಂದು ನಯವಾಗಿ ಹೇಳಿ. ಹೇಳಿದರೆ ಕೇಳುತ್ತಾರೆ, ಪ್ರವಾಸಿಗಳಿಗೆ ಅದೇ ಇಷ್ಟ ಎಂದುಕೊಂಡೇ ಅವರು ಹಾಗೆ ಮಾಡುವುದು.

ಸನ್‌ಸ್ಕ್ರೀನ್ ಕ್ರೀಮಿನಲ್ಲಿರುವ ಆಕ್ಸಿಬೆನ್ಝೋನ್ ಎಂಬ ರಾಸಾಯನಿಕ ಹವಳಕ್ಕೆ ಕೆಟ್ಟದ್ದು. ಅಮೆರಿಕದ ಹವಾಯಿಯಲ್ಲಿ 2021ರಿಂದ ಅಂಥ ಕ್ರೀಮ್ ಮಾರುವಂತಿಲ್ಲ. ಉದ್ದ ತೋಳಿನ ಹಳೇ ಟೀಶರ್ಟ್, ತಲೆಗೆ ಟವೆಲ್ ಸಾಕು. ನಮ್ಮ ಹೊಲದ ಕೆಲಸದವರು ಬಿಸಿಲನ್ನು ತಡೆಯುವುದು ಹಾಗೇ ತಾನೆ?

ಪೋರ್ಟ್ ಬ್ಲೇರ್ ಹತ್ತಿರದ ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ ನಮಗೆ ಬಹಳ ಇಷ್ಟದ ಜಾಗ. 1983ರಲ್ಲಿ ಆದದ್ದು. ಅಲ್ಲಿ ಒಂದು ಕಾಲದಲ್ಲಿ ಜಾಲಿ ಬಾಯ್ ದ್ವೀಪಕ್ಕೆ ಬಿಟ್ಟರೆ ಇನ್ನೊಂದು ಕಾಲದಲ್ಲಿ ರೆಡ್ ಸ್ಕಿನ್ ದ್ವೀಪಕ್ಕೆ ಬಿಡುತ್ತಾರೆ. ಹೊಲವನ್ನು ಬೀಳು ಬಿಟ್ಟ ಹಾಗೆ. ದೋಣಿ ಹತ್ತುವ ಮುಂಚೆ ಚೀಲ ಬಿಚ್ಚಿಸಿ ಪ್ಲಾಸ್ಟಿಕ್ ಇದೆಯಾ ಎಂದು ನೋಡುತ್ತಾರೆ. ತಡವಾಯಿತು ಎಂದು ಗೊಣಗಬೇಡಿ. ಎಲ್ಲ ಕಡೆಯೂ ಇಷ್ಟು ಕಟ್ಟುನಿಟ್ಟು ಇರಬೇಕಿತ್ತು ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ.

ಚಿಪ್ಪು, ಶಂಖ ತರಬಹುದಾ? ಮಕ್ಕಳು ಕೇಳುತ್ತಾರೆ.

ಬೇಡ. ನಮ್ಮ ಮೊದಲ ಪ್ರವಾಸದಲ್ಲಿ ಈ ತಪ್ಪು ನಮ್ಮಿಂದಲೇ ಆಯಿತು. ತಂಡದ ಇಬ್ಬರು ದಡದಲ್ಲಿ ಬಿದ್ದಿದ್ದ ಹವಳದ ತುಂಡು, ಚಿಪ್ಪು ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡಿದ್ದರು. ವಾಪಸ್ ಬರುವಾಗ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಎಲ್ಲವನ್ನೂ ತೆಗೆಸಿದರು. ಮೊದಲೇ ಹೇಳಿ ಕರೆದುಕೊಂಡು ಹೋಗದೆ ಇದ್ದದ್ದು ನಮ್ಮದೇ ತಪ್ಪು. ಸತ್ತ ಹವಳವಾದರೂ ಸರಿ, ಎತ್ತಿಕೊಂಡು ಬರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಖಾಲಿ ಚಿಪ್ಪು ಯಾರಿಗೂ ಬೇಡ ಅಂದುಕೊಳ್ಳುತ್ತೇವೆ. ಆದರೆ ಸನ್ಯಾಸಿ ಏಡಿಗೆ ಅದೇ ಮನೆ. ಬೆಳೆದ ಹಾಗೆ ದೊಡ್ಡ ಚಿಪ್ಪು ಹುಡುಕಿಕೊಂಡು ಮನೆ ಬದಲಾಯಿಸುತ್ತದೆ. ಸಂಜೆ ದಡದಲ್ಲಿ ಮಕ್ಕಳನ್ನು ಸುಮ್ನೆ ಕೂರಿಸಿ ಅದನ್ನು ತೋರಿಸಿ. ಚಿಪ್ಪು ಕೇಳುವ ಮಗು ಮತ್ತೆ ಕೇಳುವುದಿಲ್ಲ.

ಈಜು ಬರುವುದಿಲ್ಲ, ಬರಬಹುದಾ?

ನಮ್ಮಲ್ಲಿ ಅರ್ಧ ಜನಕ್ಕೆ ಬರುವುದಿಲ್ಲ. ಬಾವಿಯಲ್ಲಿ ಈಜಿದ ಹಳಬರಿಗೂ ಸಮುದ್ರದ ಸೆಳೆತ ಹೊಸದು. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂತೂ ಹವಳ ನೋಡಬಹುದು. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆ ಇವೆ, ಮನುಷ್ಯರ ಮೇಲೆ ಬಿದ್ದದ್ದೂ ಇದೆ. ಎಚ್ಚರಿಕೆಯ ಬೋರ್ಡ್ ಇರುವ ಕಡೆ ಪಾದ ತೊಳೆಯಲೂ ನೀರಿಗೆ ಇಳಿಯಬಾರದು.

ಉಳಿಯುವುದು ಎಲ್ಲಿ?

ಊರಿನವರೇ ನಡೆಸುವ ಸಣ್ಣ ವಸತಿಗಳಲ್ಲಿ. ಫ್ಯಾನ್ ಇರುತ್ತದೆ, ಏಸಿ ಕೇಳುವುದಿಲ್ಲ. ಬೋರ್ಡಿನ ಮೇಲೆ "ಇಕೋ" ಎಂದು ಬರೆದಿದ್ದರೆ ಅದನ್ನು ನೆಚ್ಚಬೇಡಿ. ಒಂದು ಸಲ ಅಂಥ ಬೋರ್ಡ್ ನಂಬಿ ಹೋದೆವು. ದಿನಾ ಬೆಳಿಗ್ಗೆ ಒಬ್ಬೊಬ್ಬರಿಗೆ ಎರಡೆರಡು ಪ್ಲಾಸ್ಟಿಕ್ ಬಾಟಲಿ ನೀರು, ಹಿತ್ತಲಲ್ಲಿ ಹಳೇ ಬಾಟಲಿಗಳ ರಾಶಿ. ಅಲ್ಲಿಂದ ಈಚೆಗೆ ಬುಕ್ ಮಾಡುವ ಮುಂಚೆ ಫೋನ್ ಮಾಡಿ ಮೂರು ಕೇಳುತ್ತೇವೆ. ಕುಡಿಯುವ ನೀರು ತುಂಬಿಸಿಕೊಳ್ಳಲು ಫಿಲ್ಟರ್ ಇದೆಯಾ? ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಕೆಲಸದವರು ಅದೇ ದ್ವೀಪದವರಾ? ತಡವರಿಸದೆ ಉತ್ತರ ಕೊಟ್ಟರೆ ಒಪ್ಪಿಕೊಳ್ಳುತ್ತೇವೆ. ರೂಮಿನಲ್ಲಿ ಬಕೆಟ್ ಮತ್ತು ಚೊಂಬಿನ ಸ್ನಾನ. ದಿನಾ ಟವೆಲ್, ಹಾಸಿಗೆ ಬಟ್ಟೆ ಬದಲಾಯಿಸಿಕೊಳ್ಳುವುದಿಲ್ಲ.

ಮುದ್ದೆ ಸಿಗುತ್ತದಾ? ನಾವು ಸಸ್ಯಾಹಾರಿಗಳು.

ಮುದ್ದೆ ಸಿಗುವುದಿಲ್ಲ. ಅನ್ನ, ಬೇಳೆ, ನೀಲ್‌ನ ತರಕಾರಿ, ಬಾಳೆಹಣ್ಣು, ಎಳನೀರು ಧಾರಾಳ. ಸಸ್ಯಾಹಾರಿಗಳು ಹಸಿದುಕೊಂಡು ಬಂದದ್ದಿಲ್ಲ. ಚಟ್ನಿಪುಡಿ, ಹುರಿಹಿಟ್ಟು, ಕೋಡುಬಳೆಯನ್ನು ಸ್ಟೀಲ್ ಡಬ್ಬಿಯಲ್ಲಿ ತನ್ನಿ. ಪ್ಯಾಕೆಟ್ ಬೇಡ.

ಮೀನು ತಿನ್ನುವವರಿಗೆ ಒಂದು ಮಾತು. ಗಿಳಿಮೀನು ಹವಳದ ಮೇಲಿನ ಪಾಚಿಯನ್ನು ಕೆರೆದು ತಿಂದು ಹವಳವನ್ನು ಚೊಕ್ಕಟವಾಗಿಡುತ್ತದೆ. ಬಣ್ಣ ಚೆಂದ ಎಂದು ತಟ್ಟೆಗೆ ಹಾಕಿಸಿಕೊಳ್ಳಬೇಡಿ. ಬೇರೆ ಮೀನು ಬೇಕಾದಷ್ಟಿವೆ.

ಕಸವನ್ನು ನಿಜವಾಗಿಯೂ ವಾಪಸ್ ತರುತ್ತೀರಾ?

ತರುತ್ತೇವೆ. ದ್ವೀಪದಲ್ಲಿ ಕಸ ಎಸೆಯಲು "ಊರಾಚೆ" ಅನ್ನುವ ಜಾಗವೇ ಇಲ್ಲ, ಊರಾಚೆ ಸಮುದ್ರ. ಒಬ್ಬೊಬ್ಬರಿಗೂ ಒಂದು ಬಟ್ಟೆ ಚೀಲ ಕೊಡುತ್ತೇವೆ. ಮಾತ್ರೆ ಪಟ್ಟಿ, ಬ್ಯಾಟರಿ, ಬಿಸ್ಕತ್ ಕಾಗದ ಎಲ್ಲ ಅದರಲ್ಲೇ ತುಮಕೂರಿಗೆ ಬರುತ್ತದೆ.

ಹೆಣ್ಣುಮಕ್ಕಳು ಮೆಲ್ಲಗೆ ಕೇಳುವ ಪ್ರಶ್ನೆಗೂ ಇಲ್ಲೇ ಉತ್ತರ. ಬಟ್ಟೆ ಪ್ಯಾಡ್ ಅಥವಾ ಕಪ್ ಬಳಸುವವರಿಗೆ ತೊಂದರೆ ಇಲ್ಲ, ಒಗೆಯಲು ಒಣಗಿಸಲು ಜಾಗ ಇರುವ ರೂಮನ್ನೇ ಹಿಡಿಯುತ್ತೇವೆ. ಬೇರೆ ಪ್ಯಾಡ್ ಬಳಸುವವರು ಕಾಗದದಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಮುಜುಗರ ಬೇಡ, ನಮ್ಮ ತಂಡದಲ್ಲಿ ಇದು ಮಾಮೂಲು.

ಅಜ್ಜಿ, ಮಕ್ಕಳು ಬರಬಹುದಾ?

ಬರಲಿ. ಎಂಟು ವರ್ಷದ ಮೇಲಿನ ಮಕ್ಕಳಾದರೆ ಒಳ್ಳೆಯದು. ದೋಣಿಯಲ್ಲಿ ಹೊಟ್ಟೆ ತೊಳಸುತ್ತದೆ, ಹತ್ತುವ ಮುಂಚೆ ಹೊಟ್ಟೆತುಂಬ ತಿನ್ನಬೇಡಿ. ಹೃದಯ, ಸಕ್ಕರೆ ಕಾಯಿಲೆ ಇರುವವರು ಡಾಕ್ಟರನ್ನು ಕೇಳಿ ಬನ್ನಿ, ಸಣ್ಣ ದ್ವೀಪಗಳಲ್ಲಿ ದೊಡ್ಡ ಆಸ್ಪತ್ರೆ ಇಲ್ಲ.

ಖರ್ಚು ಎಷ್ಟು?

ವಿಮಾನದ ಟಿಕೆಟ್ಟೇ ದೊಡ್ಡ ಪಾಲು, ಅದು ದಿನದಿನಕ್ಕೂ ಬದಲಾಗುತ್ತದೆ. ಉಳಿದ ಖರ್ಚನ್ನು ಹನ್ನೆರಡಾಗಿ ಹಂಚಿ, ಬಂದ ಮೇಲೆ ಬಿಲ್ಲುಗಳನ್ನು ಎಲ್ಲರ ಮುಂದೆ ಇಡುತ್ತೇವೆ. ಮಿಕ್ಕದ್ದನ್ನು ವಾಪಸ್ ಕೊಡುತ್ತೇವೆ. ಆಟೋದವರು, ದೋಣಿಯವರ ಹತ್ತಿರ ಜಾಸ್ತಿ ಚೌಕಾಸಿ ಮಾಡುವುದಿಲ್ಲ. ಅವರ ದುಡಿಮೆ ನಾಲ್ಕೈದು ತಿಂಗಳದ್ದು.

ಹೋಗುವ ಮುಂಚೆ ಏನು ತಯಾರಿ? ಹೆಸರು ಕೊಡುವುದು ಹೇಗೆ?

ದುಡ್ಡು ಆಮೇಲೆ. ಮೊದಲು ನಮ್ಮ ಜೊತೆ ಜಿಲ್ಲೆಯೊಳಗೇ ಮೂರು ದಿನ ನಡೆಯಬೇಕು. ಇದು ಕಡ್ಡಾಯ.

ಒಂದು ಭಾನುವಾರ ನಾಮದ ಚಿಲುಮೆ, ದೇವರಾಯನದುರ್ಗ. ರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದ ಎಂದು ಹೇಳುವ ಆ ಬಂಡೆಯ ಒರತೆ, ಜಯಮಂಗಲಿ ಹುಟ್ಟುವ ಬೆಟ್ಟ, ಎಲ್ಲವನ್ನೂ ಮಾತಿಲ್ಲದೆ ನಡೆದು ನೋಡುತ್ತೇವೆ. ಮಾತಿಲ್ಲದೆ ಎರಡು ಗಂಟೆ ನಡೆಯುವುದು ಕಷ್ಟ, ಮಾಡಿ ನೋಡಿ. ಇನ್ನೊಂದು ದಿನ ಮಧುಗಿರಿ ತಾಲೂಕಿನ ಮೈದೇನಹಳ್ಳಿ. ಅಲ್ಲಿನ ಹುಲ್ಲುಗಾವಲು 2007ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲಾಯಿತು. ದೂರದಿಂದಲೇ ನೋಡಿ, ಹಿಂದೆ ಓಡಿಸದೆ ಬರುವುದನ್ನು ಅಲ್ಲಿ ಕಲಿಯುತ್ತೇವೆ. ಮೂರನೆಯದು ಶಿರಾ ತಾಲೂಕಿನ ಕಗ್ಗಲಡು. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಿಕ್ಕೆ ಬೀಳುತ್ತದೆ, ವಾಸನೆ ಬರುತ್ತದೆ, ಆದರೂ ಊರಿನವರು ಮರ ಕಡಿದಿಲ್ಲ. ಗೂಡು ಇರುವುದು ಬೇಸಿಗೆಯಲ್ಲಿ, ಅದಕ್ಕೇ ನಮ್ಮ ತಯಾರಿ ಡಿಸೆಂಬರಿನ ಪ್ರವಾಸಕ್ಕೆ ಮಾರ್ಚ್‌ನಲ್ಲೇ ಶುರು.

ಈ ಮೂರಕ್ಕೂ ಬಂದವರಲ್ಲಿ ಮೊದಲ ಹನ್ನೆರಡು ಜನ ಹೋಗುತ್ತಾರೆ, ಉಳಿದವರ ಹೆಸರು ಮುಂದಿನ ವರ್ಷಕ್ಕೆ. ನಾಮದ ಚಿಲುಮೆಗೆ ತುಮಕೂರು ಬಸ್ ಸ್ಟ್ಯಾಂಡಿನಿಂದ ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ. ಸ್ಟೀಲ್ ಬಾಟಲಿಯಲ್ಲಿ ಒಂದು ಲೀಟರ್ ನೀರು ತನ್ನಿ. ಮಧ್ಯಾಹ್ನದ ತನಕ ಅಷ್ಟರಲ್ಲೇ ಇರಬೇಕು.